ಅಡುಗೆಮನೆಯ ನೆಲಕ್ಕೊಂದು ಪರೀಕ್ಷೆ

ಅಡುಗೆಮನೆಯ ಹಳೆಯ ನೆಲದಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡಿದ್ದ ಹೆಂಡತಿ, ಮಲಗಿದಲ್ಲಿಂದಲೇ ಗಂಡನಿಗೆ ಕೆಲಸ ಒಪ್ಪಿಸಿದಳು.

"ಹೊಳೆಯೋದು ಬೇಡ. ಎಣ್ಣೆ ಬಿದ್ರೂ ಜಾರಬಾರದು, ಅಂಥ ಟೈಲ್ಸ್ ತನ್ನಿ. ಅಂಗಡಿಯವರ ಮಾತು ನಂಬಬೇಡಿ, ನೀವೇ ಪರೀಕ್ಷೆ ಮಾಡಿ ನೋಡಿ."

ಗಂಡ ಗ್ರಂಥಾಲಯದ ಮೇಲ್ವಿಚಾರಕ. ವರ್ಷಗಟ್ಟಲೆ ಪಿಸುಮಾತಿನಲ್ಲೇ ದಿನ ದೂಡಿ ಅವನ ಗಂಟಲು ಬಳಸದ ಬೀಗದಂತೆ ತುಕ್ಕು ಹಿಡಿದಿತ್ತು. ಹೆಂಡತಿ ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸುವವನಾದ್ದರಿಂದ, ಅಡುಗೆ ಎಣ್ಣೆಯನ್ನು ಪುಟ್ಟ ಬಾಟಲಿಗೆ ತುಂಬಿ ಚೀಲದಲ್ಲಿಟ್ಟುಕೊಂಡು ಹೊರಟ.

ಗೇಟಿನಲ್ಲೇ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಸಿಕ್ಕರು. ಅವರು ನಿವೃತ್ತರಾಗಿದ್ದರೂ ಅವರ ದನಿ ಇನ್ನೂ ಕೆಲಸದಲ್ಲಿತ್ತು.

"ಟೈಲ್ಸಾ? ನಾನಿಲ್ದೆ ಹೋದ್ರೆ ನಿನಗೆ ಟೋಪಿ ಹಾಕಿ ಕಳಿಸ್ತಾರೆ ಕಣಯ್ಯ" ಎಂದು ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದೇಬಿಟ್ಟರು.

ಅಂಗಡಿಯಲ್ಲಿ ಮಾದರಿ ಟೈಲ್ಸುಗಳನ್ನು ನೆಲದ ಮೇಲೇ ಹಾಸಿದ್ದರು. ಮೇಷ್ಟ್ರು ಮಾಲೀಕನಿಗೆ ಸಿಮೆಂಟು ಕಲಸುವ ಪಾಠ ಶುರುಮಾಡಿದಾಗ ಇವನು ಮೆಲ್ಲಗೆ ಮೂಲೆಗೆ ಸರಿದ. ಚಪ್ಪಲಿ ಕಳಚಿ, ಒರಟಾದ ಬೂದು ಟೈಲ್ಸಿನ ಮೇಲೆ ಎಣ್ಣೆ ಸುರಿದು ನಿಂತುಕೊಂಡ. ಕಾಲು ಕದಲಲಿಲ್ಲ. ಖುಷಿಯಾಯಿತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹೋಲಿಸಿ ನೋಡದಿದ್ದರೆ ಅದೆಂಥ ಪರೀಕ್ಷೆ ಎನ್ನಿಸಿ, ಪಕ್ಕದಲ್ಲಿ ಕನ್ನಡಿಯಂತೆ ಮಿನುಗುತ್ತಿದ್ದ ಬಿಳಿ ಟೈಲ್ಸಿನ ಮೇಲೂ ಸುರಿದ. ಹೆಬ್ಬೆರಳು ಇಟ್ಟದ್ದೇ ತಡ, ಕಾಲು ಹಗ್ಗ ಬಿಚ್ಚಿದ ಕರುವಿನಂತೆ ಮುಂದೋಡಿತು. ಕಂಬ ಹಿಡಿದು ಬಚಾವಾಗಿ, ಒರೆಸಲು ಬಟ್ಟೆ ಹುಡುಕಿಕೊಂಡು ಹಿತ್ತಲ ಬಾಗಿಲಿಗೆ ಹೋದ.

ಬಟ್ಟೆ ಸಿಗುವಷ್ಟರಲ್ಲಿ ದೊಪ್ಪೆಂದು ಸದ್ದಾಯಿತು. ದಪ್ಪ ಕನ್ನಡಕದ ಹಿರಿಯ ಹೆಂಗಸೊಬ್ಬರು ಬಿಳಿ ಟೈಲ್ಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಪಾದ ಆಗಲೇ ಊದತೊಡಗಿತ್ತು. ಎಲ್ಲರಿಗಿಂತ ಮೊದಲು ತಲುಪಿದ ಮೇಷ್ಟ್ರು ನೆಲ ಮುಟ್ಟಿ ನೋಡಿ, ನೆಲ ಒರೆಸುವ ಹೆಂಗಸಿನ ಕಡೆ ಬೆರಳು ತೋರಿಸಿದರು.

"ನೀರಿಗೆ ಏನಮ್ಮ ಕಲಸಿದ್ದೀಯ?"

"ನಾನು ಇವತ್ತು ಈ ಕಡೆ ಬಂದೇ ಇಲ್ಲ ಸಾರ್."

"ಸುಳ್ಳು ಬೇರೆ. ನಾಳೆಯಿಂದ ನೀನು ಬರೋದು ಬೇಡ" ಎಂದ ಮಾಲೀಕ.

ಆಕೆ ಯಾರಾದರೂ ತನ್ನ ಪರ ಒಂದು ಮಾತಾಡಿಯಾರೆಂದು ಸುತ್ತ ನೋಡಿದಳು. ಆ ನೋಟ, ಸದ್ದಿಗೆ ಓಡಿಬಂದು ಕಂಬದ ಹಿಂದೆ ನಿಂತಿದ್ದ ಇವನ ಮೇಲೂ ಹಾದುಹೋಯಿತು. ಇವನು ತಲೆ ತಗ್ಗಿಸಿದ. ಎಣ್ಣೆ ಮೆತ್ತಿದ ಅವನದೇ ಕಾಲ್ಬೆರಳುಗಳು ಕೆಳಗೆ ಫಳಫಳ ಹೊಳೆಯುತ್ತಿದ್ದವು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂದದ್ದಕ್ಕೇ ಅವನಿಗೆ ಹೇಸಿಗೆಯಾಯಿತು.

"ಎಣ್ಣೆ ಸುರಿದದ್ದು ನಾನು" ಎಂದ. ಗ್ರಂಥಾಲಯದ ದನಿ, ಯಾರಿಗೂ ಕೇಳಿಸಲಿಲ್ಲ. ಈ ಸಲ ಕೂಗಿದ. ಗಂಟಲು ಮರಿಹುಂಜದಂತೆ ಒಡೆಯಿತು. "ನಾನೇ ಸುರಿದದ್ದು. ಆಯಮ್ಮನದೇನೂ ತಪ್ಪಿಲ್ಲ."

ಮೇಷ್ಟ್ರ ಕಣ್ಣು ತುಂಬಿ ಬಂತು.

"ನೋಡಿ, ಬಡವಳ ಕೆಲಸ ಉಳಿಸೋಕೆ ತಪ್ಪು ಮೈಮೇಲೆ ಹಾಕ್ಕೊಂಡ. ನಮ್ಮ ಪಕ್ಕದ ಮನೆಯವನು."

"ಇಲ್ಲ ಮೇಷ್ಟ್ರೇ, ನಿಜವಾಗ್ಲೂ. ನೋಡಿ ಬಾಟ್ಲಿ."

"ಮನೆ ಅಡುಗೆಗೆ ಒಯ್ತಿರೋ ಎಣ್ಣೆ ತೋರಿಸಿದ್ರೆ ನಂಬ್ತೀವಾ? ಬುದ್ಧಿ ಇರೋನು ಯಾರಾದ್ರೂ ಅಂಗಡಿ ನೆಲಕ್ಕೆ ಎಣ್ಣೆ ಸುರೀತಾನೇನಯ್ಯ?"

ಮಾಲೀಕ ನಾಚಿಕೊಂಡು, ಹೆಂಗಸಿನ ಕೆಲಸ ಉಳಿಯಿತೆಂದು ಸಾರಿದ. ಆಕೆ ಇವನಿಗೆ ಕೈ ಮುಗಿದಳು. ಕಾಲು ಊದಿದ ಹಿರಿಯಾಕೆಯೂ ನೋವಿನಲ್ಲೇ ತಲೆದೂಗಿದರು. ಪ್ರತಿಯೊಂದು ಮೆಚ್ಚುಗೆಯೂ ಅವನಿಗೆ ಕೆನ್ನೆಗೆ ಬಾರಿಸಿದಂತೆ ತಾಗಿತು.

"ನಿಮ್ಮ ಅಡುಗೆಮನೆಗೆ ಈ ಬಿಳಿ ಟೈಲ್ಸು ನನ್ನ ಕಾಣಿಕೆ. ನಮ್ಮಲ್ಲಿ ಇದಕ್ಕಿಂತ ಒಳ್ಳೇದಿಲ್ಲ" ಎಂದ ಮಾಲೀಕ.

"ಬೇಡ, ನನಗೆ ಆ ಬೂದು ಬಣ್ಣದ್ದೇ ಸಾಕು."

"ಸಂಕೋಚದ ಪ್ರಾಣಿ. ನೀವು ಗಾಡಿಗೆ ಹಾಕ್ಸಿ" ಎಂದರು ಮೇಷ್ಟ್ರು.

ಗಾಡಿಗಿಂತ ಮೊದಲು ಸುದ್ದಿ ಮನೆ ತಲುಪಿತ್ತು. ಹೆಂಡತಿ ಸೊಂಟ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮದುವೆಯಾದಂದಿನಿಂದ ಅವಳು ಅವನನ್ನು ಹಾಗೆ ನೋಡಿದ್ದಿಲ್ಲ.

"ಎಣ್ಣೆ ಸುರಿದದ್ದು ನಾನೇ ಕಣೇ. ನೀನೇ ಪರೀಕ್ಷೆ ಮಾಡು ಅಂದಿದ್ಯಲ್ಲ."

"ನನ್ನ ಹತ್ರನೂ ಯಾಕ್ರೀ ಮುಚ್ಚಿಡ್ತೀರ? ಪರೀಕ್ಷೆ ಅಂದ್ರೆ ಕೈಯಿಂದ ಮುಟ್ಟಿ ನೋಡೋದು ಅಂತ ನಿಮಗೆ ಗೊತ್ತಿಲ್ವಾ?"

ಸಂಜೆ ಮೇಷ್ಟ್ರು ಆ ಹಿರಿಯಾಕೆಯ ತೋಳು ಹಿಡಿದು ಕರೆತಂದರು. ಪಾದಕ್ಕೆ ದಪ್ಪನೆಯ ಪಟ್ಟಿ ಸುತ್ತಿತ್ತು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು ಆಕೆ ಹೇಳಿದರು:

"ನಮ್ಮನೆ ಅಡುಗೆಮನೆಗೂ ನೆಲ ಹಾಕಿಸ್ಬೇಕಿತ್ತಪ್ಪ. ಯಾರ ಮಾತು ನಂಬೋದು ಅಂತಾನೇ ಗೊತ್ತಾಗ್ತಿರಲಿಲ್ಲ. ನಿನ್ನಂಥವನ ಮನೆಗೆ ಹೋದ ಟೈಲ್ಸು ಅಂದ್ಮೇಲೆ ಇನ್ನೇನು ನೋಡೋದು? ಅದೇ ಬಿಳೀದನ್ನ ಹೇಳಿ ಬಂದೆ. ನಾಳೆ ಹಾಕ್ತಾರೆ."

ಅವನು ಆಕೆಯ ಮುಂದೆ ನೆಲದ ಮೇಲೇ ಕೂತುಬಿಟ್ಟ. "ಬೇಡಮ್ಮ, ದಮ್ಮಯ್ಯ. ಅದು ಜಾರತ್ತೆ. ನಾನೇ ಎಣ್ಣೆ ಸುರಿದು ನೋಡಿದೀನಿ. ನೀವು ಬಿದ್ದದ್ದೂ ಅದಕ್ಕೇನೇ."

ಆಕೆ ಅವನ ತಲೆ ನೇವರಿಸಿ, ಅವನ ಹೆಂಡತಿಯ ಕಡೆ ತಿರುಗಿದರು.

"ಪುಣ್ಯ ಮಾಡಿದ್ದೀಯಮ್ಮ. ಆ ನೆಲ ಒರೆಸೋ ಹೆಂಗಸು ಇಲ್ಲಿಲ್ಲ, ಆದ್ರೂ ಅವಳನ್ನ ಬಿಟ್ಟುಕೊಡ್ತಿಲ್ಲ ನೋಡು."