ಅಕ್ಕ ತಂದ ಅರ್ಧ ಡಿಸೈನು

ಆ ಬುಧವಾರ ಉಳಿದ ಬುಧವಾರಗಳ ಹಾಗೆಯೇ ಇತ್ತು. ಶಾಲೆಯಲ್ಲಿ ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಟ್ಟೆ. ಮನೆಗೆ ಬಂದು ಸೀರೆ ಬದಲಾಯಿಸಿ ಕಾಫಿಗೆ ನೀರಿಟ್ಟೆ. ಆಷಾಢದ ಗಾಳಿಗೆ ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿತ್ತು. ಐದೂಮುಕ್ಕಾಲಿಗೆ ಅಕ್ಕ ಬಂದಳು. ಅವಳ ಕೈಯಲ್ಲಿ ನನ್ನದೇ ಗ್ರಾಫ್ ಹಾಳೆ ಒಂದಿತ್ತು.

"ಸಿಕ್ತು ಕಣೇ," ಅಂದಳು. "ಎಂಥಾ ಸ್ವೆಟರ್ ಡಿಸೈನು ಅಂತೀಯ! ಇಡೀ ಬೆಂಗಳೂರಲ್ಲಿ ಯಾರ ಹತ್ರಾನೂ ಇಲ್ಲ."

"ಯಾರ ಹತ್ರಾನೂ ಇಲ್ದೇ ಇರೋದು ನಿನಗೆ ಹೇಗೆ ಸಿಕ್ತು?"

"ಒಬ್ಬರ ಹತ್ರ ಇದೆ. ಅರ್ಧ ಬರ್ಕೊಂಡಿದೀನಿ. ಉಳಿದರ್ಧ ನಾಳೆ."

"ಯಾರು? ಎಲ್ಲಿ?"

"ಮುಗೀಲಿ, ಹೇಳ್ತೀನಿ. ಈಗಲೇ ಹೇಳಿದ್ರೆ ಹೆದರ್ಕೊಂಡು ಹೋಗ್ಬೇಡ ಅಂತೀಯ."

"ಏನು ಚಿತ್ರ ಅಂತನಾದ್ರೂ ಹೇಳು. ಹೂವೋ, ಬಳ್ಳಿಯೋ?"

"ನೀನು ಹಾಕ್ತಾ ಹೋಗು. ಬರ್ತಾ ಬರ್ತಾ ಗೊತ್ತಾಗತ್ತೆ."

ಮಾರನೆಯ ಬೆಳಗ್ಗೆ ಅವಳು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು.

ಜಯನಗರದ ಆ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ಹೆಣಿಗೆ ನಮ್ಮಿಬ್ಬರ ಹುಚ್ಚು, ಆದರೆ ಕೆಲಸ ಹಂಚಿಕೊಂಡಿದ್ದೆವು. ಡಿಸೈನು ಹುಡುಕುವುದು ಅವಳು, ಹೆಣೆಯುವುದು ನಾನು. ಆಗ ಡಿಸೈನು ಎಂದರೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಇನ್ನೊಬ್ಬರ ಮೈಮೇಲಿಂದ ಎತ್ತಬೇಕು. ಮದುವೆಮನೆಯಲ್ಲಿ ಅಪರಿಚಿತರ ಭುಜ ಹಿಡಿದು ಅತ್ತ ತಿರುಗಿಸಿ, ಬೆನ್ನಿನ ಮೇಲೆ ಬೆರಳಿಟ್ಟು ಕುಣಿಕೆ ಎಣಿಸುವ ಧೈರ್ಯ ಅವಳಿಗಿತ್ತು. ನಾನು ಆಗ ಕಂಬದ ಹಿಂದೆ ನಿಂತಿರುತ್ತಿದ್ದೆ. ಅಪರಿಚಿತರನ್ನು ಮಾತಾಡಿಸಬೇಕೆಂದರೆ ನನಗೆ ಕೈಕಾಲು ತಣ್ಣಗಾಗುತ್ತವೆ.

ಮೂರು ತಿಂಗಳು ಹೆಣಿಗೆ ಕಡ್ಡಿ ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಬೂದು ಉಲ್ಲನ್ನೂ ಕೆಂಪು ಉಲ್ಲನ್ನೂ ತೆಗೆದುಕೊಂಡು, ಅವಳು ಬರೆದ ಇಪ್ಪತ್ತೆರಡು ಸಾಲು ಹಾಕಿದೆ. ಇಪ್ಪತ್ತೆರಡಕ್ಕೆ ಹಾಳೆ ಮುಗಿಯಿತು. ಬರ್ತಾ ಬರ್ತಾ ಗೊತ್ತಾಗುವುದು ಹಾಗಿರಲಿ, ನೋಡಿದಷ್ಟೂ ಗೊತ್ತಾಗದಂಥ ಚಿತ್ರ. ಕೆಳಗೆ ಮೂರು ಮೋಟು ಕಾಲು. ಅದರ ಮೇಲೆ ದುಂಡನೆಯ ಹೊಟ್ಟೆ. ಹೊಟ್ಟೆಯ ನಡುವೆ ಒಂದು ತೂತು. ಪಕ್ಕಕ್ಕೆ ಚೂಪಾದ ಮೂತಿ.

ಅವಳು ಶುರುಮಾಡಿದ್ದನ್ನು ಮುಗಿಸಲೇಬೇಕು ಎಂದು ತೀರ್ಮಾನಿಸಿದೆ. ಮುಗಿಸಬೇಕಾದರೆ ಉಳಿದರ್ಧ ಹುಡುಕಬೇಕು. ಹುಡುಕಬೇಕಾದರೆ ಬಾಯಿಬಿಟ್ಟು ಕೇಳಬೇಕು. ಹೆಣಿಗೆಯವರ ಬದುಕಿನಲ್ಲಿ ಫಜೀತಿಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ಅಲ್ಲಿಯವರೆಗೆ ಅವೆಲ್ಲ ಅಕ್ಕನ ಪಾಲಿಗಿದ್ದವು.

ಹಾಲಿನವನ ತೀರ್ಪು

ಮೊದಲು ಕೇಳಿದ್ದು ಹಾಲಿನವನನ್ನು. ಅವನು ಅಪರಿಚಿತನಲ್ಲ, ಆ ಧೈರ್ಯ. ಸಾರಕ್ಕಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಬೀದಿಬೀದಿ ಸುತ್ತುವವನು, ಎಲ್ಲಾದರೂ ಇಂಥ ಸ್ವೆಟರ್ ನೋಡಿರಬಹುದು ಎಂದು ಹಾಳೆ ಕೊಟ್ಟೆ. ಅವನು ಅದನ್ನು ಅಡ್ಡ ಹಿಡಿದ, ಓರೆ ಹಿಡಿದ.

"ಹಾಗಲ್ಲಪ್ಪ," ಎಂದು ನೆಟ್ಟಗೆ ಮಾಡಿ ಕೊಟ್ಟೆ. "ನಂಬರು ಹಾಕಿದೆ ನೋಡು. ಒಂದನೇ ಸಾಲು ಕೆಳಗಿರಬೇಕು."

ಒಂದು ಕ್ಷಣ ನೋಡಿದ. ಮುಖ ಗಂಭೀರವಾಯಿತು.

"ಟೀಚರಮ್ಮ, ಇದು ಕೆಚ್ಚಲು."

"ಕೆಚ್ಚಲೇ?"

"ಹಸೀಂದು. ಮೂರೇ ಮೊಲೆ ಅವೆ ನೋಡಿ. ನಾಕನೇದು ಬತ್ತೋಗೈತೆ." ದನಿ ತಗ್ಗಿಸಿದ. "ವ್ಯಾಪಾರ ಕುದುರಿಸ್ಬುಟ್ರಾ?"

"ಯಾವ ವ್ಯಾಪಾರ?"

"ಈ ಹಸೀಂದು. ತಕೋಬೇಡಿ ಟೀಚರಮ್ಮ, ಮೋಸ ಮಾಡ್ತಾವ್ರೆ. ನಾನು ಹಾಲಿಗೆ ನೀರು ಹಾಕ್ತೀನಿ ಅಂತ ಅನುಮಾನ ಇದ್ರೆ ನೇರವಾಗಿ ಹೇಳ್ಬುಡಿ. ಅದ್ಕೆ ಯಾಕೆ ಸ್ವಂತಕ್ಕೆ ಹಸ ಕಟ್ಟೋಕೆ ಹೋಯ್ತೀರಿ?"

ನಾನು ಅನುಮಾನ ಪಟ್ಟೇ ಇರಲಿಲ್ಲ. ಮರುದಿನದಿಂದ ಹಾಲು ಗಟ್ಟಿಯಾಗಿ ಬರತೊಡಗಿತು.

ಕೊಡದೇ ಇದ್ದ ಪುಸ್ತಕ

ಶಾಲೆಯಲ್ಲಿ ಹೊಲಿಗೆ ಟೀಚರ ಬಳಿ ವಿಲಾಯಿತಿ ಹೆಣಿಗೆ ಪುಸ್ತಕ ಒಂದಿತ್ತು. ಯಾರೋ ದೊರೆಸಾನಿ ಊರಿಗೆ ಹೋಗುವಾಗ ಬಿಟ್ಟುಹೋದದ್ದಂತೆ. ಅದರಲ್ಲಿ ಇನ್ನೂರು ಡಿಸೈನಿದೆಯೆಂದು ಇಡೀ ಶಾಲೆಗೆ ಗೊತ್ತು. ನೋಡಿದವರು ಮಾತ್ರ ಯಾರೂ ಇಲ್ಲ. ಎರಡು ದಿನ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು ಮೂರನೆಯ ದಿನ ಕೇಳಿದೆ.

ಹೊಲಿಗೆ ಟೀಚರ್ ಅಕ್ಕನನ್ನು ಬಲ್ಲವರು. ಕಣ್ಣು ಒರೆಸಿಕೊಂಡರು. "ನಿಮಗೆ ತೋರಿಸ್ತೀನಿ ರೀ. ಆದರೆ ಮನೆಗೆ ಕೊಡಲ್ಲ. ಕೈ ತೊಳ್ಕೊಂಡು ಬನ್ನಿ."

ಕೈ ತೊಳೆದು ಬಂದೆ. ಸ್ಟಾಫ್ ರೂಮಿನ ಬಾಗಿಲು ಹಾಕಿದರು. ಬೀರುವಿನಿಂದ ರೇಷ್ಮೆ ಚೌಕದ ಗಂಟು ತೆಗೆದರು. ಅದರೊಳಗೆ ಕಾಗದ, ಕಾಗದದೊಳಗೆ ಪುಸ್ತಕ. ತೆರೆದೆ.

ಎಡಗಡೆ ಒಬ್ಬ ದೊರೆಸಾನಿ ಸ್ವೆಟರ್ ಹಾಕಿಕೊಂಡು ನಗುತ್ತಿದ್ದಳು. ಬಲಗಡೆ ಹರಿದ ಅಂಚು. ಮಗುಚಿದೆ. ಇನ್ನೊಬ್ಬ ದೊರೆಸಾನಿ, ಇನ್ನೊಂದು ಹರಿದ ಅಂಚು. ಹೀಗೆ ಕೊನೆಯವರೆಗೂ ದೊರೆಸಾನಿಯರೇ. ಒಬ್ಬಳ ಪಕ್ಕದಲ್ಲಿ ನಾಯಿಯೂ ಇತ್ತು, ಅದಕ್ಕೂ ಸ್ವೆಟರ್. ಡಿಸೈನು ಮಾತ್ರ ಒಂದೂ ಇಲ್ಲ.

"ಡಿಸೈನುಗಳು ಎಲ್ಲಿ ಹೋದ್ವು ಟೀಚರ್?"

"ಯಾರ್ಯಾರೋ ಕೇಳ್ತಾನೇ ಇರ್ತಾರೆ. ಪಾಪ, ಇಲ್ಲ ಅನ್ನಕ್ಕಾಗಲ್ಲ," ಎಂದು ಅವರು ಪುಸ್ತಕವನ್ನು ಮತ್ತೆ ಜೋಪಾನವಾಗಿ ಸುತ್ತಿದರು. "ಒಂದೊಂದು ಹಾಳೆ ಕೊಟ್ಟಿದೀನಿ ಅಷ್ಟೆ. ಪುಸ್ತಕ ಮಾತ್ರ ಇವತ್ತಿನವರೆಗೂ ಯಾರಿಗೂ ಕೊಟ್ಟಿಲ್ಲ."

ಬಸ್ಸಿನಲ್ಲಿ ಶಿಸ್ತು

ಪುಸ್ತಕ ಕೈಕೊಟ್ಟ ಮೇಲೆ ಉಳಿದದ್ದು ಅಕ್ಕನ ದಾರಿಯೇ, ಜನರ ಬೆನ್ನು. ಮಾರ್ಗಶಿರದ ಚಳಿ ಶುರುವಾಗಿತ್ತು, ಬಸ್ಸಿನ ತುಂಬ ಸ್ವೆಟರುಗಳು. ಒಂದು ದಿನ ಹೆಂಗಸರ ಸೀಟೆಲ್ಲ ತುಂಬಿ, ಹಿಂದೆ ಕೂತೆ. ಮುಂದಿನ ಸೀಟಿನಲ್ಲಿ ದಪ್ಪನೆಯ ಗೃಹಸ್ಥರೊಬ್ಬರು. ಅವರ ಬೆನ್ನ ಮೇಲೆ ಮೂರು ಕಾಲುಗಳ ಒಂದು ಆಕೃತಿ! ಪೆನ್ಸಿಲ್ ತೆಗೆದೆ. ಒಂದು, ಎರಡು, ಮೂರು ಎಂದು ಬಾಯೊಳಗೇ ಎಣಿಸುತ್ತ ಗುರುತು ಹಾಕತೊಡಗಿದೆ. ಹದಿನೇಳಕ್ಕೆ ಬಂದಿದ್ದೆ, ಅವರು ಜೇಬಿನಲ್ಲಿ ಏನನ್ನೋ ಹುಡುಕಲು ವಾಲಿದರು. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ. ಹತ್ತೊಂಬತ್ತಕ್ಕೆ ಬಂದೆ, ಅವರು ಕೆಮ್ಮಿದರು. ಮೂರನೆಯ ಸಲ ಇಪ್ಪತ್ತೊಂದು. ಅವರು ಬೆನ್ನು ಕೆರೆದುಕೊಳ್ಳಲು ಕೈ ಎತ್ತಿದರು.

ಹದಿನಾರು ವರ್ಷ ಪಾಠ ಹೇಳಿದ ಗಂಟಲು ನನ್ನ ಅಪ್ಪಣೆ ಕೇಳಲಿಲ್ಲ.

"ಅಲ್ಲಾಡಬೇಡ! ಕೈ ಕಟ್ಟಿ ಕೂತ್ಕೋ!"

ಅವರು ಕೈ ಕಟ್ಟಿ ಕೂತರು. ಅವರ ಪಕ್ಕದವರೂ ಕೈ ಕಟ್ಟಿದರು. ಎದುರಿನ ಸಾಲಿನ ಇಬ್ಬರು ಕಾಲೇಜು ಹುಡುಗರು ನೆಟ್ಟಗೆ ಕೂತರು. ಕಂಡಕ್ಟರ್ ಟಿಕೆಟ್ ಹರಿಯುತ್ತಿದ್ದವನು ಹಾಗೇ ನಿಂತ.

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಲೆ ತಗ್ಗಿಸಿಯೇ ಇದ್ದುದರಿಂದ, ಇಷ್ಟಾದ ಮೇಲೆ ಬಿಡುವುದೇಕೆಂದು, ಉಳಿದ ಸಾಲುಗಳನ್ನೂ ಎಣಿಸಿ ಮುಗಿಸಿದೆ. ಚಿತ್ರ ಪೂರ್ತಿಯಾಯಿತು. ಅದು ಸ್ಟೂಲಿನ ಮೇಲಿಟ್ಟ ಹೂದಾನಿ. ನಮ್ಮ ಆಕೃತಿಗೂ ಅದಕ್ಕೂ ಸಂಬಂಧವಿರಲಿಲ್ಲ.

ನನ್ನ ಸ್ಟಾಪು ಬಂತು. ಇಳಿಯಲು ಎದ್ದೆ. ಆ ಗೃಹಸ್ಥರು ಕಟ್ಟಿದ ಕೈ ಬಿಡದೆ, ತಿರುಗಿಯೂ ನೋಡದೆ, ಮೆಲ್ಲಗೆ ಕೇಳಿದರು: "ಮೇಡಂ, ನಾನು ಹಿಂದಿನ ಸ್ಟಾಪಲ್ಲೇ ಇಳೀಬೇಕಿತ್ತು. ಈಗ ಏಳಬಹುದೇ?"

ಹಗ್ಗದ ಮೇಲಿನ ಸ್ವೆಟರ್

ಕೊನೆಗೆ ದಾರಿ ತೋರಿಸಿದವನು ಹಾಲಿನವನೇ. ಒಂದು ಬೆಳಗ್ಗೆ ಹಾಲು ಅಳೆಯುತ್ತ, "ದೊಡ್ಡಮ್ಮೋರು ಹೋಗೋ ಹಿಂದಿನ ದಿನ ಕಂಡಿದ್ದೆ. ಯಡಿಯೂರು ಕೆರೆ ಹತ್ರ, ಹೊಸ ಮನೇದು ಬೇಲಿ ಹಿಡ್ಕೊಂಡು ನಿಂತಿದ್ರು. ಏನೋ ಬರ್ಕೋತಿದ್ರು," ಅಂದ.

ಅಂದು ಸಂಜೆಯೇ ಹೋದೆ. ಗೇಟಿನ ಮುಂದೆ ಎರಡು ಸಲ ಹಿಂದಕ್ಕೂ ಮುಂದಕ್ಕೂ ನಡೆದೆ. ಮೂರನೆಯ ಸಲ ಕೈ ತಾನಾಗಿ ಚಿಲಕ ತೆಗೆಯಿತು.

ಬಾಗಿಲು ತೆರೆದವರು ನಿವೃತ್ತ ಇಂಜಿನಿಯರು. ಎತ್ತರದ ಆಳು. ಎದೆಯ ಮೇಲೆ ಸಾಲಾಗಿ ಕೆಂಪು ಹುಂಜಗಳಿರುವ ಬಿಳಿ ಸ್ವೆಟರ್ ಹಾಕಿದ್ದರು. ಒಳಗೆ ಕೂರಿಸಿದರು. ಅಕ್ಕ ಬರೆದದ್ದು, ಉಳಿದರ್ಧ ಬೇಕು ಎಂದಷ್ಟೇ ತೊದಲಿ ಹಾಳೆ ಕೊಟ್ಟೆ. ಅವರು ಕನ್ನಡಕ ಹಾಕಿ ಅದನ್ನು ತಿರುಗಿಸಹೋದರು.

"ಹಾಗಲ್ಲ ಸಾರ್. ಒಂದನೇ ಸಾಲು ಕೆಳಗಿರಬೇಕು."

"ಸರಿ ಸರಿ, ನಕ್ಷೆ ಅಂದ್ಮೇಲೆ ಹಾಗೇ," ಎಂದು ಒಪ್ಪಿ, ನೆಟ್ಟಗೆ ಹಿಡಿದು ಐದು ನಿಮಿಷ ಅಧ್ಯಯನ ಮಾಡಿದರು. "ಮೂರು ಆಧಾರಸ್ತಂಭ. ಮೇಲೆ ಟ್ಯಾಂಕು. ಇದು ಕೊಳಾಯಿ. ನೀರಿನ ಟ್ಯಾಂಕು ಮೇಡಂ, ಸಂದೇಹವೇ ಇಲ್ಲ. ಆದರೆ ನಮ್ಮ ಮನೇಲಿ ಇಂಥ ಸ್ವೆಟರ್ ಇಲ್ಲ."

ನಾನು ಪಕ್ಕದ ಕುರ್ಚಿಯಲ್ಲಿ ನಿರಾಶೆಯಿಂದ ಅವರ ಎದೆಯನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದು, ಗಂಡನ ಎದುರು ನಿಂತು ಲೋಟ ಚಾಚಿದರು. ಗಂಡನ ತೊಡೆಯ ಮೇಲಿದ್ದ ಹಾಳೆಯ ಮೇಲೆ ಆಕೆಯ ಕಣ್ಣು ಬಿತ್ತು.

"ಏನ್ರೀ, ನಿಮ್ಮ ಹುಂಜದ ತಲೆ ಇವರ ಹತ್ರ ಯಾಕಿದೆ?"

ನಾನು ಎದ್ದು ಆಕೆಯ ಪಕ್ಕಕ್ಕೆ ಹೋಗಿ ನಿಂತೆ. ಅಲ್ಲಿಂದ ನೋಡಿದರೆ ಹಾಳೆ ತಲೆಕೆಳಗು. ಮೂರು ಕಾಲು ಜುಟ್ಟಾಯಿತು. ಹೊಟ್ಟೆ ತಲೆಯಾಯಿತು. ತೂತು ಕಣ್ಣು, ಮೂತಿ ಕೊಕ್ಕು. ಇಷ್ಟು ದಿನ ಊರಿಗೆಲ್ಲ ಒಂದನೇ ಸಾಲು ಕೆಳಗಿರಬೇಕು ಎಂದು ಪಾಠ ಹೇಳಿದವಳು ನಾನೇ.

"ಆವತ್ತು ಒಗೆದು ಹಗ್ಗಕ್ಕೆ ಹಾಕಿದ್ದೆ," ಎಂದರು ಆಕೆ. "ಕೆಳಗಿನ ಅಂಚಿಗೆ ಕ್ಲಿಪ್ಪು ಹಾಕಿ, ತಲೆಕೆಳಗೆ. ನಿಮ್ಮಕ್ಕ ಬೇಲಿ ಆಚೆಯಿಂದ ಬರ್ಕೋತಿದ್ರು. ಯಾರೋ ಕಳ್ಳರು ಅಂದ್ಕೊಂಡು ಇವರು ಕೋಲು ಹಿಡ್ಕೊಂಡು ಹೋದ್ರು."

"ಯಾರದು ಅಂದೆ," ಎಂದರು ಇಂಜಿನಿಯರು. "'ಸುಮ್ನಿರಿ, ಇಪ್ಪತ್ತೆರಡಕ್ಕೆ ಬಂದಿದೀನಿ' ಅಂತ ನನ್ನನ್ನೇ ಗದರಿಸಿದ್ರು. ನಾನು ಸ್ವೆಟರ್ ಕಿತ್ಕೊಂಡು ಒಳಗೆ ಬಂದೆ."

"ನಾನು ನಾಳೆ ಬನ್ನಿ, ಒಳಗೇ ಕೂತು ಬರ್ಕೊಳ್ಳಿ ಅಂದೆ. ಬರಲೇ ಇಲ್ಲ," ಎಂದರು ಆಕೆ.

ಯಾಕೆ ಬರಲಿಲ್ಲವೆಂದು ಹೇಳಿದೆ.

ಇಂಜಿನಿಯರು ಲೋಟ ಕೆಳಗಿಟ್ಟು ಎದ್ದರು. "ಈಗಲೇ ಮುಗಿಸೋಣ. ಹೇಗೆ ಬೇಕು, ನೆಟ್ಟಗೋ, ಅವರು ಬರೆದ ಹಾಗೋ?"

"ಅಕ್ಕ ಬರೆದ ಹಾಗೇ ಸಾರ್."

"ಹಾಗಾದ್ರೆ ತಲೆಕೆಳಗೆ. ಚಿಂತೆ ಇಲ್ಲ, ನಾನು ದಿನಾ ಶೀರ್ಷಾಸನ ಹಾಕ್ತೀನಿ."

ಬೇಡವೆನ್ನುವಷ್ಟರಲ್ಲಿ ಜಮಖಾನ ಹಾಸಿ, ಪಂಚೆಯನ್ನು ಕಚ್ಚೆ ಕಟ್ಟಿ, ಗೋಡೆಗೆ ಒರಗಿ ತಲೆಯ ಮೇಲೆ ನಿಂತುಬಿಟ್ಟರು. ಸ್ವೆಟರ್ ಸರ್ರನೆ ಜಾರಿ ಅವರ ಮುಖ ಮುಚ್ಚಿತು. ಹೆಂಡತಿ ಅಂಚು ಹಿಡಿದು ಮೇಲಕ್ಕೆಳೆದು ನಿಂತರು. ನಾನು ನೆಲದ ಮೇಲೆ ಕೂತು ಇಪ್ಪತ್ತಮೂರನೇ ಸಾಲಿನಿಂದ ಶುರುಮಾಡಿದೆ.

"ಎಷ್ಟಾಯ್ತು?" ಎಂದಿತು ಕೆಳಗಿನಿಂದ ದನಿ.

"ಇಪ್ಪತ್ತೊಂಬತ್ತು ಸಾರ್. ಉಸಿರು ಎಳ್ಕೋಬೇಡಿ, ಹುಂಜ ಅಗಲವಾಗತ್ತೆ."

ಮೂರು ಕಂತಿನಲ್ಲಿ ನಲವತ್ತಾರನೇ ಸಾಲು ಮುಗಿಯಿತು. ಅವರು ಕಾಲು ಇಳಿಸಿ ಎದ್ದು ಕೂತಾಗ ಮುಖವೂ ಹುಂಜವೂ ಒಂದೇ ಬಣ್ಣ. ಹೆಂಡತಿ ನೀರು ಕೊಟ್ಟು, ಗಾಳಿ ಹಾಕುತ್ತ, ಸಾವಕಾಶವಾಗಿ ಕೇಳಿದರು:

"ಆ ಸ್ವೆಟರ್ ಬಿಚ್ಚಿ ಹಗ್ಗಕ್ಕೆ ಹಾಕಿದ್ರೆ ಆಗ್ತಿರಲಿಲ್ವೇ?"

ಇಂಜಿನಿಯರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದರು ಅವರು.

"ನೀವು ಇಂಜಿನಿಯರು, ಅವರು ಲೆಕ್ಕದ ಟೀಚರು. ಏನೋ ಕಾರಣ ಇರತ್ತೆ ಅಂದ್ಕೊಂಡೆ."

ನಾನು ನಕ್ಕೆ. ಆಷಾಢದಿಂದ ನಕ್ಕಿರಲಿಲ್ಲ. ನಿಲ್ಲಿಸಲಾಗದೆ ಗೋಡೆ ಹಿಡಿದುಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ಸ್ವೆಟರ್ ಮುಗಿಯಿತು. ಎದುರಿನವರಿಗೆಲ್ಲ ಹುಂಜಗಳು ತಲೆಕೆಳಗಾಗಿವೆ. ಹಾಕಿಕೊಂಡವರು ತಲೆ ಬಗ್ಗಿಸಿ ನೋಡಿದರೆ ನೆಟ್ಟಗೆ ಕಾಣುತ್ತವೆ.