ನೀವು ಕಟ್ಟಿದ ಗಂಟನ್ನು ನೀವೇ ಬಿಚ್ಚಬೇಕೆಂದು ಕೋರಿ

ವಿಪತ್ತು ಸಿದ್ಧತೆ ಮತ್ತು ಶಾಂತಿ ಸ್ಥಾಪನೆಯ ಜಂಟಿ ಕಾರ್ಯಕ್ರಮದ ಸಂಯೋಜನಾಧಿಕಾರಿಗಳಾದ
ಶ್ರೀ ಆಲ್ವಿನ್ ತಬಿ ಅವರ ಸನ್ನಿಧಿಗೆ,
ಪೋರ್ಟ್ ವಿಲಾ

ಮಾನ್ಯರೇ,

ಮೊಟ್ಟಮೊದಲು, ಬರೆಯುತ್ತಿರುವುದಕ್ಕೇ ಕ್ಷಮೆ ಕೇಳುತ್ತೇನೆ. ನಾನು ಕಾಲೇಜಿನ ಮೊದಲ ವರ್ಷದವಳು, ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಮತ್ತು ದೊಡ್ಡವರಿಗೆ ಪತ್ರ ಬರೆಯುವುದೇನಿದ್ದರೂ ಜ್ವರ ಬಂದಾಗ ರಜೆ ಕೇಳುವುದಕ್ಕೆ ಮಾತ್ರ ಎಂದು ನಮ್ಮ ವಾರ್ಡನ್ ಕಲಿಸಿದ್ದಾರೆ. ನನಗೆ ಜ್ವರವಿಲ್ಲ. ಆದರೂ ಬರೆಯುತ್ತಿದ್ದೇನೆ, ಅದೂ ಕಾಲೇಜಿನ ಪತ್ರಿಕೆಯಲ್ಲಿ, ಎಲ್ಲರ ಎದುರಿಗೆ. ಏಕೆಂದರೆ ಲಕೋಟೆಯಲ್ಲಿ ಹಾಕಿ ಕೊಟ್ಟದ್ದು ತಮ್ಮ ಕಚೇರಿಯ ಬಾಗಿಲ ಬಳಿಯ ಬುಟ್ಟಿಯಲ್ಲಿ ಆರೋಗ್ಯವಾಗಿದೆ ಎಂದು ಕಾವಲಿನವರು ತಿಳಿಸಿದರು. ಈ ಬರವಣಿಗೆಯಲ್ಲಿ ಅರ್ಧ ಇಂಗ್ಲಿಷ್ ಸೇರಿಕೊಂಡಿದ್ದರೆ ಅದು ಹಾಸ್ಟೆಲಿನ ತಪ್ಪು, ಮರ್ಯಾದೆ ಕಡಿಮೆಯಾಗಿದ್ದರೆ ಅದು ಪೂರ್ತಿ ನನ್ನದು.

ತಮಗೆ ನಮ್ಮ ಎಮಾಸು ದ್ವೀಪದ ನೆನಪಿರಬಹುದು. ತಾವು ಬಂದು ಹೋದ ಮೇಲೆ ಗುಡ್ಡದೂರಿನವರು ಗುಡ್ಡದ ಮೇಲೆ ಕ್ಷೇಮವಾಗಿದ್ದಾರೆ. ತೀರದೂರಿನವರು, ಅಂದರೆ ನಾವು, ಸಮುದ್ರ ಇಟ್ಟಷ್ಟು ಕ್ಷೇಮವಾಗಿದ್ದೇವೆ.

ತಮ್ಮ ಕಾರ್ಯಕ್ರಮದ ಸಂಯೋಜನೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲು ವಿಪತ್ತಿನವರು ಬಂದರು. ದೊಡ್ಡ ಅಲೆ ಬಂದರೆ ತೀರದೂರಿನವರು ಗುಡ್ಡಕ್ಕೆ ಓಡಬೇಕು, ಓಡಿದವರಿಗೆ ಕುಡಿಯಲು ನೀರು ಬೇಕು ಎಂದು ಲೆಕ್ಕ ಹಾಕಿ, ಗುಡ್ಡದ ಮೇಲೆ ಒಂದು ಭಾರಿ ಹಸಿರು ಟ್ಯಾಂಕ್ ಇಟ್ಟು, ಅದು ಯಾರದ್ದು ಎನ್ನುವುದೊಂದನ್ನು ಹೇಳದೆ ದೋಣಿ ಹತ್ತಿದರು. ಮಳೆ ಕೈಕೊಟ್ಟ ವರ್ಷ ನಮ್ಮ ಹೆಂಗಸರು ಬಕೆಟ್ ಹಿಡಿದು ಮೇಲೆ ಹೋದಾಗ ಗುಡ್ಡದೂರಿನ ಹುಡುಗರು, "ಇದು ಅಲೆ ಬಂದಾಗ ಕುಡಿಯೋ ನೀರು ಕಣಮ್ಮ, ಒಂದು ಅಲೆ ಜೊತೇಲಿ ಕರ್ಕೊಂಡು ಬನ್ನಿ, ಕೊಡ್ತೀವಿ" ಎಂದು ನಕ್ಕರು. ನಮ್ಮ ಹುಡುಗರು ಹೋಗಿ ನಲ್ಲಿ ಮುರಿದರು. ಅವರು ಬಂದು ನಮ್ಮದೊಂದು ದೋಣಿಯನ್ನು ಕೊಡಲಿಯಿಂದ ಸೀಳಿದರು. ಅಜ್ಜ ಮುತ್ತಜ್ಜನ ಕಾಲದಿಂದ ಹೆಣ್ಣು ಕೊಟ್ಟು ತಂದುಕೊಂಡಿದ್ದ ಎರಡು ಊರುಗಳು ಹೀಗೆ ಮಾತು ಬಿಟ್ಟ ಮೇಲೆ ಶಾಂತಿಯವರು ಬಂದರು. ಒಂದು ವಿಭಾಗ ಜಗಳವನ್ನು ಹೆತ್ತು ಕೊಡುವುದು, ಇನ್ನೊಂದು ಅದನ್ನು ಎತ್ತಿ ಆಡಿಸುವುದು. ಇಷ್ಟು ಹೊಂದಾಣಿಕೆ ನಮ್ಮಲ್ಲಿ ಗಂಡ ಹೆಂಡಿರ ನಡುವೆಯೂ ಇಲ್ಲ.

ಆಮೇಲೆ ತಾವೇ ಬಂದಿರಿ, ದಾಸವಾಳದ ಚಿತ್ರವಿರುವ ಶರ್ಟು ಹಾಕಿಕೊಂಡು, ವಿಪತ್ತು ಮತ್ತು ಶಾಂತಿ ಎರಡೂ ಇನ್ನು ಮುಂದೆ ಒಂದೇ ಕಾರ್ಯಕ್ರಮ ಎಂದು ಸಾರಲಿಕ್ಕೆ. ಟ್ಯಾಂಕಿನ ಮಾತು ಮುಗಿಯುವವರೆಗೆ ಹುಡುಗರು ಹೊಡೆದಾಡದಿರಲಿ ಎಂದು ಗುಡ್ಡದ ದಾರಿಗೆ ಅಡ್ಡವಾಗಿ ನಮೆಲೆ ಗರಿ, ಅಂದರೆ ತಾಳೆಯಂಥ ನಮೆಲೆ ಮರದ ಎಲೆ, ಕಟ್ಟೋಣವೆಂದು ಎರಡೂ ಊರಿನವರು ಒಪ್ಪಿದ್ದರು. ನಮೆಲೆ ಗರಿ ಕಟ್ಟಿದ ದಾರಿಯನ್ನು ಯಾರೂ ದಾಟುವುದಿಲ್ಲ, ಅದು ತಮಗೂ ಗೊತ್ತು. ಗುಡ್ಡದೂರಿನ ಮುಖ್ಯಸ್ಥರಾದ ಕಲ್ಮಾರಿ ಅವರು ಗರಿ ಹಿಡಿದು ದಾರಿಯ ಬದಿಯ ಮರದ ಹತ್ತಿರ ಹೋದಾಗ ತಾವು ಫೋಟೋದವರನ್ನು ಕರೆದು, "ಮುಖ್ಯಸ್ಥರೇ, ನಾನೇ ಕಟ್ಟಲಾ?" ಎಂದು ಕೇಳಿದಿರಿ. ಅಷ್ಟು ದೊಡ್ಡ ಭಾರವನ್ನು ಹೊರಗಿನವರೊಬ್ಬರು ತಾವಾಗಿ ಕೇಳಿ ಹೊತ್ತುಕೊಂಡದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಏಕೆಂದರೆ ಎಮಾಸುವಿನಲ್ಲಿ ಗರಿಯನ್ನು ಯಾರ ಕೈ ಕಟ್ಟುತ್ತದೆಯೋ ಅದೇ ಕೈ ಬಿಚ್ಚಬೇಕು, ಇಲ್ಲವೇ ಆ ಕೈಯವರ ಬಾಯಿಂದ ಬಿಚ್ಚಿ ಎಂಬ ಮಾತು ಬರಬೇಕು. ಇದನ್ನು ತಮಗೆ ಯಾರೂ ಹೇಳಲಿಲ್ಲ. ಗರಿ ಕಟ್ಟುವಷ್ಟು ತಿಳಿದವರಿಗೆ ಬಿಚ್ಚುವುದು ತಿಳಿದಿರುವುದಿಲ್ಲವೇ ಎಂದುಕೊಂಡರು. ತಾವು ಬೂಟಿನ ದಾರಕ್ಕೆ ಹಾಕುವಂಥ ಗಂಟು ಹಾಕಿ, ಬಿಗಿಯಾಗಿ ಎಳೆದು, ನಕ್ಕು, ನಮ್ಮ ಬೇರಿನ ಪಾನಕ ಕಾವಾ ಕುಡಿದು, ಹಡಗು ಹತ್ತಿದಿರಿ. ಗಂಟು ಇವತ್ತಿಗೂ ಬಿಗಿಯಾಗಿದೆ. ಕಟ್ಟಿದವರ ಕೈಗುಣ ಹೊಗಳುವಂಥದ್ದು.

ಮುಂದಿನ ಹಡಗಿನಲ್ಲಿ ತಮ್ಮ ವಿಪತ್ತು ವಿಭಾಗದವರು ಬಂದು ಅದೇ ಮರಕ್ಕೆ ಕೆಂಪು ಬಾಣದ ಬೋರ್ಡು ಹೊಡೆದರು: ಅಲೆ ಬಂದರೆ ಈ ಕಡೆ ಓಡಿ. ಬಾಣದ ಕೆಳಗೇ ಗರಿ. ಆಮೇಲೆ ಸೈರನ್ ಊದಿ ಡ್ರಿಲ್ ಮಾಡಿಸಿದರು. ನಮ್ಮವರು ವಿಧೇಯರು, ಬಾಣ ಹೇಳಿದಂತೆ ಓಡಿದರು, ಗರಿ ಹೇಳಿದಂತೆ ನಿಂತರು, ನಿಂತು ಸುಸ್ತಾಗಿ ಕುಳಿತರು. ಅಧಿಕಾರಿ "ಏಳಿ, ಓಡಿ, ಕೂರಬೇಡಿ!" ಎಂದು ಕೂಗಿದಾಗ ನಮ್ಮ ತೀರದೂರಿನ ಮುಖ್ಯಸ್ಥ ಸಾಕಿ ಮಾವ, "ಓಡೋದು ನಿಮ್ಮ ಇಲಾಖೆ ಸಾರ್, ಓಡಿದ್ವಿ. ದಾಟೋದು ಇನ್ನೊಂದು ಇಲಾಖೆ, ಅವರು ಬರ್ಲಿ" ಎಂದರಂತೆ.

ಇಷ್ಟರಲ್ಲಿ ಒಂದು ಅಚಾತುರ್ಯ ನಡೆದುಹೋಗಿದೆ. ಅದನ್ನೂ ಮರೆಮಾಚದೆ ಹೇಳಬೇಕು. ಡ್ರಿಲ್ ಆದಾಗಲೆಲ್ಲ ನಮ್ಮವರು ಗರಿಯ ಈಚೆ ಕೂರುತ್ತಿದ್ದರು. ನೋಡಲು ಬಂದ ಗುಡ್ಡದೂರಿನವರು ಆಚೆ ಕೂರುತ್ತಿದ್ದರು. ಸುಮ್ಮನೆ ಎಷ್ಟು ಹೊತ್ತು ಕೂರುವುದು? ಅವರ ಕಡೆಯ ಹೆಂಗಸರು ಬಾಳೆಲೆಯಲ್ಲಿ ಬೇಯಿಸಿದ ಲಪ್‌ಲಪ್ ತಂದರು, ನಮ್ಮವರು ಸುಟ್ಟ ಮೀನು ಒಯ್ದರು, ಗರಿಯ ಮೇಲಿಂದ ಕೈ ಚಾಚಿ ಕೊಟ್ಟುಕೊಂಡರು. ಕೈ ದಾಟಿದರೆ ತಪ್ಪಿಲ್ಲವಂತೆ, ಕಾಲು ದಾಟಬಾರದು. ಮಾತಿಗೆ ಮಾತು ಬೆಳೆದು, ಬೆಳಿಗ್ಗೆ ಗುಡ್ಡದೂರಿನವರೇ ಬಕೆಟ್ ತುಂಬಿಸಿ ಗರಿಯ ಹತ್ತಿರ ಇಡುವುದು, ನಮ್ಮವರು ಸೀಳಿದ ದೋಣಿಯ ಮಾತನ್ನು ಇನ್ನು ಎತ್ತದಿರುವುದು ಎಂದು ತೀರ್ಮಾನವಾಯಿತು. ತಮ್ಮ ವೇಳಾಪಟ್ಟಿಯಲ್ಲಿ ಶಾಂತಿ ಮೂರನೇ ಹಂತಕ್ಕೆ ಬರಬೇಕಿತ್ತು. ಅಪ್ಪಣೆಯಿಲ್ಲದೆ ಮೊದಲೇ ಬಂದುಬಿಟ್ಟಿದೆ, ದಯವಿಟ್ಟು ಮನ್ನಿಸಬೇಕು. ಅದೂ ಪಾಪ ಗರಿಯ ಎರಡೂ ಕಡೆ ಕೂತಿದೆ, ದಾಟಲು ಮಾತ್ರ ದಾರಿಯಿಲ್ಲ.

ಇನ್ನು ಹೇಳುವುದನ್ನು ನಗುತ್ತ ಹೇಳಲು ಪ್ರಯತ್ನಿಸುತ್ತೇನೆ. ಸೆಪ್ಟೆಂಬರ್ ರಜೆಗೆ ನಾನು ಊರಿನಲ್ಲಿದ್ದಾಗ ಮಧ್ಯಾಹ್ನ ಭೂಮಿ ಅಲುಗಿತು, ಸೈರನ್ ಕೂಗಿತು, ಡ್ರಿಲ್ ಅಲ್ಲ, ನಿಜವಾಗಿ. ನೀರು ಹಿಂದೆ ಸರಿದು ಹವಳದ ದಿಬ್ಬ ಬರಿದಾಗಿ ಕಾಣಿಸಿತು. ನನ್ನ ಬುಬು, ಅಂದರೆ ಅಜ್ಜಿ, ಮೊಣಕಾಲು ಹಿಡಿದುಹೋದವರು. ಚಿಕ್ಕಪ್ಪ ಅವರನ್ನು ಬೆನ್ನ ಮೇಲೆ ಹೊತ್ತು ಓಡಿದರು. ಗರಿಯ ಹತ್ತಿರ ಬಂದು ಎಲ್ಲರೂ ನಿಂತರು. ಆಚೆಯಿಂದ ಗುಡ್ಡದೂರಿನವರು, "ದಾಟ್ರೋ, ದಾಟಿ ಬನ್ರೋ, ನಾವೇ ಹೇಳ್ತಿದೀವಿ!" ಎಂದು ಬಾಯಿ ಬಡಿದುಕೊಂಡರು. ಬುಬು ಚಿಕ್ಕಪ್ಪನ ಕಿವಿ ಹಿಡಿದು, "ಇಳಿಸೋ ನನ್ನ. ಇವತ್ತು ನಾವು ದಾಟಿದ್ರೆ ಆಡಿದ ಮಾತು ಮುರಿದ ಹಾಗೆ. ನಾಳೆ ನಿನ್ನ ಮಕ್ಕಳು ಮತ್ತೆ ಕೊಡಲಿ ಹಿಡೀತಾರೆ" ಎಂದು ಮರದ ಬುಡದಲ್ಲಿ, ತಮ್ಮ ಬಾಣದ ಕೆಳಗೆ, ಕುಳಿತುಬಿಟ್ಟರು. ಹಿರಿಯರು ಕೂತ ಮೇಲೆ ಉಳಿದವರು ಹೇಗೆ ದಾಟುತ್ತಾರೆ? ನಾನು ಕಲ್ಮಾರಿ ಅವರಿಗೆ ಕೈಮುಗಿದು, "ದೊಡ್ಡಪ್ಪ, ನೀವಾದರೂ ಬಿಚ್ಚಿ" ಎಂದು ಅತ್ತೆ. ಅವರೂ ಅಳುತ್ತಿದ್ದರು. "ನನ್ನ ಗಂಟಾಗಿದ್ರೆ ಹಲ್ಲಲ್ಲಿ ಕಚ್ಚಿ ಬಿಚ್ತಿದ್ದೆ ಮಗಳೇ. ಅತಿಥಿ ಕಟ್ಟಿದ್ದು. ಅವರು ಇಲ್ದಾಗ ಬಿಚ್ಚಿದ್ರೆ ಅವರ ಮಾತಿಗೆ ಬೆಲೆ ಇಲ್ಲ ಅಂತ ನಾನೇ ಸಾರಿದ ಹಾಗಲ್ವಾ?"

ಆ ದಿನ ಸಮುದ್ರ ದೋಣಿಗಳ ಚಪ್ಪರದವರೆಗೆ ಬಂದು, ಎರಡು ದೋಣಿ ಕೊಂಡೊಯ್ದು, ಹಿಂತಿರುಗಿತು. ಅದಕ್ಕೆ ಯಾವ ತರಬೇತಿಯೂ ಆಗಿರಲಿಲ್ಲ, ಆದರೂ ನಮ್ಮ ಮೇಲೆ ಕರುಣೆ ತೋರಿಸಿತು. ತಮ್ಮ ಮರ್ಯಾದೆಯನ್ನು ಇಡೀ ಒಂದು ಊರು ಪ್ರಾಣ ಒತ್ತೆಯಿಟ್ಟು ಕಾಯ್ದದ್ದು ತಮಗೆ ತಿಳಿದಿರಲಿ ಎಂದು ಬರೆದೆ. ತಮ್ಮ ವರದಿಯಲ್ಲಿ, ಎಲ್ಲರೂ ಬೋರ್ಡಿನ ಸ್ಥಳಕ್ಕೆ ಸಕಾಲದಲ್ಲಿ ತಲುಪಿದರು, ತಾಲೀಮು ಯಶಸ್ವಿ ಎಂದಿರುವುದನ್ನು ಓದಿದೆ. ಸುಳ್ಳಲ್ಲ. ತಲುಪಿದ್ದೇವೆ.

ಕಾಲೇಜಿಗೆಂದು ಪೋರ್ಟ್ ವಿಲಾಕ್ಕೆ ಮರಳಿದ ಮೇಲೆ ತಮ್ಮ ಕಚೇರಿಗೆ ಬಂದೆ. ಮುಂದಿನ ಮೇಜಿನ ಅಕ್ಕ ಬಹಳ ಒಳ್ಳೆಯವರು, ಕುಳಿತುಕೊಳ್ಳಲು ಹೇಳಿ, "ನಿಮ್ಮದು ವಿಪತ್ತಾ, ಶಾಂತಿಯಾ?" ಎಂದು ಕೇಳಿದರು. ದಾರಿ ಎಂದೆ, ವಿಪತ್ತಿನ ಕೋಣೆಗೆ ಕಳಿಸಿದರು. ಅಲ್ಲಿ ಗರಿ ಎಂದೆ, ಅದು ಸಂಪ್ರದಾಯ, ಶಾಂತಿಗೆ ಹೋಗಿ ಎಂದರು. ಶಾಂತಿಯಲ್ಲಿ, "ಜಗಳ ನಿಂತಿದೆ ಅಂತೀರಿ, ಹಾಗಿದ್ರೆ ನಮ್ಮ ಕೆಲಸ ಏನಿದೆ ತಂಗಿ?" ಎಂದರು. ಎರಡನ್ನೂ ಜೋಡಿಸುವವರು ತಾವೇ ಎಂದು ತಿಳಿದು ತಮ್ಮ ಬಾಗಿಲಿಗೆ ಬಂದರೆ, ತಾವು ಸಂಯೋಜನೆಯ ಕುರಿತ ಕಮ್ಮಟಕ್ಕೆ ಬೇರೆ ದೇಶಕ್ಕೆ ಹೋಗಿದ್ದಿರಿ. ಅಲ್ಲಿಯ ಊಟ ಒಗ್ಗಿತೆಂದು ನಂಬಿದ್ದೇನೆ.

ಆದ್ದರಿಂದ ಕೆಲವು ಸಣ್ಣ ಕೋರಿಕೆಗಳು. ಮೂರನೇ ಹಂತ ಮುಗಿಯುವವರೆಗೆ ಸಮುದ್ರಕ್ಕೆ ಒಂದು ಸುತ್ತೋಲೆ ಕಳಿಸಿ, ಅದು ಯಾವ ವಿಭಾಗದ ಅಡಿಯಲ್ಲಿ ಬರುತ್ತದೆಂದು ತಿಳಿಸಿ, ಪೂರ್ವಾನುಮತಿಯಿಲ್ಲದೆ ಏರಬಾರದೆಂದು ಎಚ್ಚರಿಸಬೇಕು. ಅದು ಕಷ್ಟವಾದರೆ ಗುಡ್ಡವನ್ನೇ ಸ್ವಲ್ಪ ಕೆಳಗೆ, ಗರಿಯ ಈಚೆಗೆ, ಸರಿಸಿಕೊಡಬೇಕು. ಅದೂ ಬಜೆಟ್ಟಿನಲ್ಲಿಲ್ಲವಾದರೆ ಮರದ ಬುಡದಲ್ಲಿ ಬೆನ್ನಾನಿಕೆಯಿರುವ ಒಂದು ಬೆಂಚು ಹಾಕಿಸಬೇಕು. ಬುಬುಗೆ ನೆಲದ ಮೇಲೆ ಕೂತು ಅಲೆಗೆ ಕಾಯುವುದು ಕಷ್ಟ.

ಇವು ಯಾವುವೂ ಆಗದಿದ್ದರೆ ಒಂದೇ ಒಂದು ಮಾತು ಸಾಕು. ಎಮಾಸುವಿನ ಚರ್ಚಿನಲ್ಲಿ ರೇಡಿಯೋ ಫೋನಿದೆ. ಕಲ್ಮಾರಿ ಅವರು ಅದರ ಪಕ್ಕದಲ್ಲೇ ಇರುತ್ತಾರೆ. ತಾವು ಬರಬೇಕಿಲ್ಲ, ಸಹಿ ಬೇಕಿಲ್ಲ, ಯಾವ ವಿಭಾಗದಿಂದ ಎಂದೂ ಹೇಳಬೇಕಿಲ್ಲ. "ಬಿಚ್ಚಿ" ಎನ್ನಿ. ಅಷ್ಟನ್ನು ತಾವೇ ಅನ್ನಬೇಕು, ಸಹಾಯಕರು ಅಂದರೆ ನಡೆಯುವುದಿಲ್ಲ.

ಗಂಟಲು ಒಣಗಿ, ಆದರೆ ಗೌರವ ಎಳ್ಳಷ್ಟೂ ಕುಗ್ಗದೆ,

ತಮ್ಮ ವಿಶ್ವಾಸಿ,
ಲೆಯಿಸಾವಿ ಸಾಕಲ್
ತೀರದೂರು, ಎಮಾಸು

ಮರೆತ ಮಾತು: ಉತ್ತರದಲ್ಲಿ ಒಂದು ಚಂಡಮಾರುತ ಹುಟ್ಟಿದೆ ಎಂದು ಇಂದು ಬೆಳಗಿನ ವಾರ್ತೆಯಲ್ಲಿ ಬಂತು. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲವಂತೆ. ಹೆಸರಿಡುವ ಸಮಿತಿಯ ಸಂಯೋಜನೆಯೂ ತಮ್ಮದೇ ಆಗಿದ್ದರೆ ಹೆಸರು ತೀರ್ಮಾನವಾಗುವವರೆಗೆ ನಮಗೆ ಒಂದೆರಡು ವರ್ಷ ನಿಶ್ಚಿಂತೆ. ಬೇರೆಯವರದ್ದಾಗಿದ್ದರೆ, ದಯವಿಟ್ಟು ಬೇಗ ಉತ್ತರ ಕೊಡಿ.