ನಾಲ್ಕು ಸ್ಟೇಟಿನ ಕೋಲು

ನನ್ನ ಕಾಲಿಗೆ ಚಕ್ರ ಇದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಸುಮ್ಮನೆ ಕೂತರೂ ನನ್ನ ಸುತ್ತ ಏನಾದರೊಂದು ಆಗಿಬಿಡುತ್ತದೆ, ಎದ್ದು ಓಡಾಡಿದರಂತೂ ಕೇಳಲೇಬೇಡಿ. ನಾಗಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಟ್ರೋಲ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಪ್ಯೂನ್ ಆಗಿದ್ದೆ. ಪ್ಯೂನ್ ಅನ್ನೋದು ಕಾಗದದ ಮೇಲೆ. ಕಾಗದ ನಂಬಬೇಡಿ. ಎರಡನೇ ಇಯತ್ತೆಯಲ್ಲಿ ಮಾಸ್ತರರ ಕೈಯಿಂದ ಬೆತ್ತ ಕಸಿದುಕೊಂಡು ಓಡಿದವನು ತಿರುಗಿ ಶಾಲೆ ಕಡೆ ಮುಖ ಹಾಕಲಿಲ್ಲ, ಅದು ನಿಜ. ಕನ್ನಡ ಅಕ್ಷರ ಕಲಿಸಿದ್ದು ಮದುವೆಯಾದ ಮೇಲೆ ಹೆಂಡತಿ, ಅದೂ ನಿಜ. ಆದರೂ ನಮ್ಮ ಕಾಲೇಜಿಗೆ ಸ್ಟೇಟ್ ಸ್ಪೇಸ್ ಅನ್ನೋ ವಿದ್ಯೆ ತಂದವರು ಇಬ್ಬರೇ. ಒಬ್ಬರು ನಮ್ಮ ಬಾಯಾರು, ಇನ್ನೊಬ್ಬ ನಾನು.

ಬಾಯಾರು ಅಂದರೆ ನಮ್ಮ ಲ್ಯಾಬಿನ ಮೇಡಂ, ಧಾರವಾಡದ ಕಡೆಯವರು. ಎಂಬತ್ತರ ದಶಕದಲ್ಲಿ ಈ ವಿಷಯ ಹೊಸದಾಗಿ ಸಿಲೆಬಸ್ಸಿಗೆ ಬಂದಾಗ ಹಳೆಯ ಪ್ರೊಫೆಸರುಗಳೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಮಗಳ ಮದುವೆ. ಕೊನೆಗೆ ಟೆಂಪರರಿ ಆಗಿ ಸೇರಿದ ಈ ಹುಡುಗಿಯ ತಲೆಗೆ ಕಟ್ಟಿದರು. ಅವರೂ ಕಲಿತಿರಲಿಲ್ಲ. ಇವತ್ತು ಓದಿದ್ದನ್ನು ನಾಳೆ ಕಲಿಸುತ್ತಿದ್ದರು. ಲ್ಯಾಬಿನಲ್ಲಿ ಒಂದು ಯಂತ್ರವನ್ನೂ ಕಟ್ಟಿದರು. ಆರು ಅಡಿ ಹಳಿ, ಅದರ ಮೇಲೆ ಒಂದು ಪುಟ್ಟ ಗಾಡಿ, ಗಾಡಿಯ ನೆತ್ತಿಯಲ್ಲಿ ಪಿನ್ನಿಗೆ ಸಿಕ್ಕಿಸಿದ ಒಂದು ಕೋಲು. ಮೋಟಾರು ಗಾಡಿಯನ್ನು ಹಿಂದೆ ಮುಂದೆ ಎಳೆದು ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ವರ್ಷದ ಕೊನೆಗೆ ಹೊರಗಿನಿಂದ ಪರೀಕ್ಷಕರು ಬಂದಾಗ ಕೋಲು ಒಂದು ನಿಮಿಷ ನಿಂತರೆ ಬಾಯಾರು ಖಾಯಂ, ಬಿದ್ದರೆ ಊರಿಗೆ ವಾಪಸ್. ಹಾಗಂತ ಪ್ರಿನ್ಸಿಪಾಲರು ಎಲ್ಲರೆದುರೇ ಹೇಳಿದ್ದರು.

ನನಗೇನು ಸಂಬಂಧ ಅಂತ ಕೇಳುತ್ತೀರಿ. ಆ ಇಡೀ ಕಟ್ಟಡದಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರು ಅವರೊಬ್ಬರೇ. ಅವರು ಹೋದರೆ ನಾನು ಮರಾಠಿಯಲ್ಲಿ ಬಡಾಯಿ ಕೊಚ್ಚಬೇಕು. ಮರಾಠಿಯಲ್ಲಿ ನನ್ನ ಬಡಾಯಿ ಅರ್ಧಕ್ಕರ್ಧ ಕುಗ್ಗುತ್ತದೆ.

೧. ಹೆಡ್ ಕ್ಲಾರ್ಕರ ಬೇಡಿಕೆ

ಮೊದಲ ಕ್ಲಾಸಿನ ಸುದ್ದಿಯನ್ನು ಆಫೀಸಿಗೆ ಮುಟ್ಟಿಸಿದವನು ನಾನೇ. ಹೆಡ್ ಕ್ಲಾರ್ಕರು ಮಹಾಲ್ ಅನ್ನೋ ಹಳೇ ಪೇಟೆಯ ವಾಡೆಯವರು, ನಾಗಪುರದ ಸೀಮೆ ವಿದರ್ಭ ಮಹಾರಾಷ್ಟ್ರದಿಂದ ಒಡೆದು ಬೇರೆ ರಾಜ್ಯ ಆಗಬೇಕು ಅನ್ನೋರು. ದಿನಾ ಬೆಳಿಗ್ಗೆ ತರ್ರಿ ಪೋಹೆ, ಅಂದರೆ ಖಾರದ ರಸ ಹಾಕಿದ ಅವಲಕ್ಕಿ ತಿನ್ನುತ್ತ ರಾಜ್ಯ ಕಟ್ಟುತ್ತಿದ್ದರು. ಹೊಸ ಬಾಯಾರು ಏನು ಕಲಿಸುತ್ತಾರೆ ಅಂತ ಕೇಳಿದರು. ಸ್ಟೇಟ್ ಅಂದರೆ ರಾಜ್ಯ, ಸ್ಪೇಸ್ ಅಂದರೆ ಜಾಗ, ಇಷ್ಟು ಇಂಗ್ಲಿಷ್ ನನಗೂ ಗೊತ್ತು. ರಾಜ್ಯಕ್ಕೆ ಜಾಗ ಹುಡುಕುವ ವಿದ್ಯೆಯಂತೆ ಅಂದೆ.

ಹೆಡ್ ಕ್ಲಾರ್ಕರ ಕೈಯ ಚಮಚೆ ಅಲ್ಲೇ ನಿಂತಿತು. ಟೋಪಿ ಹಾಕಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬಾಯಾರು ಬೋರ್ಡಿನ ಮೇಲೆ ಗಾಡಿ, ಕೋಲು ಬರೆದರು. ಗಾಡಿ ಎಲ್ಲಿದೆ, ಎಷ್ಟು ಜೋರು ಓಡುತ್ತಿದೆ, ಕೋಲು ಎಷ್ಟು ವಾಲಿದೆ, ಎಷ್ಟು ಜೋರು ವಾಲುತ್ತಿದೆ, ಈ ನಾಲ್ಕು ಗೊತ್ತಾದರೆ ಮುಂದೇನಾಗುತ್ತದೆ ಅಂತ ಪೂರಾ ಹೇಳಬಹುದು, ಆದ್ದರಿಂದ ನಮಗೆ ನಾಲ್ಕು ಸ್ಟೇಟ್ ಬೇಕು ಅಂದರು.

ಹೆಡ್ ಕ್ಲಾರ್ಕರು ಎದ್ದು ನಿಂತು ಕೈ ಮುಗಿದರು. "ಚಾರ್ ನಕೋ ಬಾಯಿ. ಆಮ್ಹಾಲಾ ಏಕಚ್ ಪಾಹಿಜೆ."

ನಾಲ್ಕು ಬೇಡ ತಾಯಿ, ನಮಗೆ ಒಂದೇ ಸಾಕು.

೨. ಎಡಕ್ಕೆ ಸರಿಸಬೇಕಾದ ಕಂಬ

ಮೊದಲ ತಿಂಗಳು ಕೋಲು ಬಿದ್ದಿದ್ದೇ ಬಿದ್ದಿದ್ದು. ಬಾಯಾರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಉಗುರು ಕಚ್ಚುವುದು, ಪುಸ್ತಕ ತೆಗೆಯುವುದು, ಮುಚ್ಚುವುದು, ಕಿಟಕಿ ತನಕ ಹೋಗಿ ಬರುವುದು. ಅವರ ಹಿಂದೆ ನಾನು. ಲ್ಯಾಬಿನ ನೆಲ ಸವೆಯಿತೋ ನನ್ನ ಚಪ್ಪಲಿ ಸವೆಯಿತೋ ಗೊತ್ತಿಲ್ಲ.

ಒಂದು ದಿನ ಕಿಟಕಿ ಹತ್ತಿರ ನಿಂತು ತಮಗೆ ತಾವೇ ಗೊಣಗಿಕೊಂಡರು: "ಪೋಲ್ ಬಲಕ್ಕೈತಿ. ಎಡಕ್ಕ ಸರಿಸೂ ತನಕ ಕೋಲ ನಿಲ್ಲೂದಿಲ್ಲ."

ನಾನು ಹೊರಗೆ ನೋಡಿದೆ. ಬರೋಬರ್. ಕಿಟಕಿಯ ಬಲಕ್ಕೆ ಒಂದು ಲೈಟಿನ ಕಂಬ. ಈ ಮುಂಡೇದೇ ಇಷ್ಟು ದಿನ ನಮ್ಮ ಕೋಲು ಬೀಳಿಸುತ್ತಿದೆ ಅಂತ ನನಗೆ ಸಿಟ್ಟು ಬಂತು. ಕರೆಂಟ್ ಆಫೀಸಿನ ಲೈನ್‌ಮನ್ ನನ್ನ ದೋಸ್ತ. ಸೈಕಲ್ ಹಿಂದೆ ಕೂಡಿಸಿಕೊಂಡು ಬಂದೆ. ಜೊತೆಗೆ ಹಾರೆ, ಸಲಿಕೆ, ಹಗ್ಗ. ಎಡಗಡೆ ಮೊಣಕಾಲುದ್ದ ಗುಂಡಿ ತೋಡಿದ ಮೇಲೆ ಅವನು ಕೇಳಿದ, ಎಷ್ಟು ಎಡಕ್ಕೆ ಅಂತ. ಕೇಳಿಕೊಂಡು ಬರುತ್ತೇನೆ ಅಂತ ಒಳಗೆ ಓಡಿದೆ.

ಬಾಯಾರು ಲೆಕ್ಕದಲ್ಲಿ ಮುಳುಗಿದ್ದರು. ತಲೆ ಎತ್ತದೆ ಹೇಳಿದರು: "ದೂರ ಹೋದಷ್ಟೂ ಜಲ್ದಿ ನಿಲ್ಲತೈತಿ ಕಾಕಾ. ಆದ್ರ ಭಾಳ ದೂರ ಒಯ್ದ್ರ ಮೋಟಾರ್ ತಡಕೊಳ್ಳೂದಿಲ್ಲ."

ಹೊರಗೆ ಬಂದು ಹೇಳಿದೆ. ಮೋಟಾರು ಎಲ್ಲಿಂದ ತರಲಿ, ನನ್ನ ಹತ್ತಿರ ಇರುವುದು ಹಗ್ಗ ಅಂದ ಲೈನ್‌ಮನ್. ಮತ್ತೆ ಒಳಗೆ ಓಡಿದೆ. ಒಂದೇ ಪೋಲ್ ತಾನೇ ಬಾಯಾರ ಅಂತ ಕೇಳಿದೆ. "ಬಲಕ್ಕಿರೂದು ಒಂದ. ಆದ್ರ ಸರಿಸೂದು ನಾಲ್ಕೂ," ಅಂದರು.

ನಾನು ಹೊರಗೆ ಬಂದು ನಾಲ್ಕು ಬೆರಳು ತೋರಿಸಿದ್ದೇ ತಡ, ಲೈನ್‌ಮನ್ ಸಲಿಕೆ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟ. ಪೋಲ್ ಅಂದರೆ ಲೆಕ್ಕದೊಳಗಿನ ಒಂದು ಅಂಕಿ, ಕಾಗದದ ಮೇಲೆ ಎಡಕ್ಕೆ ಸರಿಸುವುದು ಅಂತ ಬಾಯಾರು ಆಮೇಲೆ ತಿಳಿಸಿ ಹೇಳಿದರು. ಗುಂಡಿ ಮಾತ್ರ ಹಾಗೇ ಉಳಿಯಿತು. ಮಾರನೇ ದಿನ ಪ್ರಿನ್ಸಿಪಾಲರು ಅದರಲ್ಲಿ ಒಂದು ಗಿಡ ನೆಟ್ಟು ಭಾಷಣ ಮಾಡಿದರು.

೩. ಅಬ್ಸರ್ವರ್

ನಾಲ್ಕು ಸ್ಟೇಟಿನಲ್ಲಿ ನಮಗೆ ಕಾಣಿಸುತ್ತಿದ್ದದ್ದು ಎರಡೇ. ಗಾಡಿ ಎಲ್ಲಿದೆ, ಕೋಲು ಎಷ್ಟು ವಾಲಿದೆ. ವೇಗ ಅಳೆಯುವ ಸಾಮಾನು ಲ್ಯಾಬಿನಲ್ಲಿರಲಿಲ್ಲ. ಒಬ್ಬ ಅಬ್ಸರ್ವರ್ ಇಡೋಣ ಕಾಕಾ ಅಂದರು ಬಾಯಾರು. ಪರೀಕ್ಷೆಗೆ ಯೂನಿವರ್ಸಿಟಿಯಿಂದ ಬರುವ ಅಬ್ಸರ್ವರುಗಳನ್ನು ನಾನು ಎಷ್ಟು ನೋಡಿಲ್ಲ. ಹಳಿಯ ಪಕ್ಕದಲ್ಲಿ ತೋಳಿನ ಕುರ್ಚಿ ಹಾಕಿದೆ, ನೀರು ಇಟ್ಟೆ, ತಟ್ಟೆಯಲ್ಲಿ ಎರಡು ಸಂತ್ರಾ ಹಣ್ಣು ಇಟ್ಟೆ.

ಬಾಯಾರು ಸಂತ್ರಾ ಸುಲಿದು ನನಗೊಂದು ಕೊಟ್ಟು ಹೇಳಿದರು, ಅದು ಮನುಷ್ಯ ಅಲ್ಲ, ತಂತಿ ಗಿಂತಿ ಜೋಡಿಸಿದ ಸರ್ಕಿಟ್. ಕಾಣುವುದನ್ನು ನೋಡಿ ಕಾಣದ್ದನ್ನು ಅಂದಾಜು ಮಾಡುತ್ತದೆ. ಅಂದಾಜಿಗೂ ಆಗಿದ್ದಕ್ಕೂ ಎಷ್ಟು ಫರಕ್ ಬಂತು ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ.

ಇದಕ್ಕೆ ಸರ್ಕಿಟ್ ಯಾಕೆ, ನನ್ನ ಮನೆಯಲ್ಲಿ ಒಬ್ಬಳಿದ್ದಾಳೆ ಅಂದೆ. ಲಕ್ಷ್ಮೀ ನಗರದ ನಮ್ಮ ಖೋಲಿಯ ಮುಂದೆ ನಾನು ಸೈಕಲ್ ಸ್ಟ್ಯಾಂಡ್ ಹಾಕುವ ಸಪ್ಪಳ ಒಂದೇ ಸಾಕು. ಒಳಗೆ ರೊಟ್ಟಿ ಬಡಿಯುತ್ತ ಕೂತವಳು ಹೇಳುತ್ತಾಳೆ, ಮಹಾಲ್ ಪ್ಯಾಟಿಗೆ ಹೋಗಿದ್ರಿ, ಪೋಹೆ ತಿಂದ್ರಿ, ಯಾರ ಮುಂದೋ ಸುಳ್ಳು ಹೇಳಿ ಸಿಕ್ಕಿ ಬಿದ್ರಿ, ಈಗ ಹಸಿವಿಲ್ಲ. ಇಷ್ಟೂ ಒಂದು ಸ್ಟ್ಯಾಂಡಿನ ಸಪ್ಪಳದಲ್ಲಿ.

ಬಾಯಾರಿಗೆ ಭಾಳ ಖುಷಿಯಾಯಿತು. ಪುಸ್ತಕದಲ್ಲೂ ಇಷ್ಟು ಚಲೋ ಉದಾಹರಣೆ ಇಲ್ಲ ಅಂದರು. "ಅಕಸ್ಮಾತ್ ಅಂದಾಜ ತಪ್ಪಿದ್ರ, ಹೆಂಗ ತಿದ್ದಕೋತಾರ ಕಾಕಾ ಅವರು?"

"ಅಂದಾಜ ತಿದ್ದೂದಿಲ್ರಿ. ನನ್ನ ತಿದ್ದತಾಳ."

೪. ವರ್ಧಾ

ಕೋಲು ಮೊದಲ ಸಲ ನಿಂತ ದಿನ ಮರೆಯಲಾರೆ. ನಾಲ್ಕು ಸ್ಟೇಟಿಗೆ ನಾಲ್ಕು ತಿರುಗುವ ಗುಂಡಿ. ಬಾಯಾರು ತಿರುಗಿಸಿದರು, ನಾನು ಕೋಲು ಬಿಟ್ಟೆ. ನಿಂತಿತು, ಡ್ರಿಲ್ಲಿನಲ್ಲಿ ಸಾವಧಾನ್ ಅಂದ ಹಾಗೆ. ಆದರೆ ಗಾಡಿ ಮಾತ್ರ ಮೆಲ್ಲಗೆ ಬಲಕ್ಕೆ ಹೊರಟಿತು. ಹೋಯಿತು, ಹೋಯಿತು, ಹಳಿ ಮುಗಿಯಿತು, ಕೋಲು ಸಮೇತ ನೆಲಕ್ಕೆ ಬಿತ್ತು.

ಜಾಗದ ಗುಂಡಿ ಸೊನ್ನೆಗಿಟ್ಟಿದ್ದೇ ತಪ್ಪು ಅಂದರು ಬಾಯಾರು. ಕೋಲು ವಾಲದಂತೆ ನೋಡಿಕೊಂಡೆವು, ತಾನೆಲ್ಲಿದ್ದೇನೆ ಅನ್ನೋ ಖಬರು ಗಾಡಿಗೆ ಕೊಡಲಿಲ್ಲ. ಅವರ ಕಣ್ಣು ತುಂಬಿತ್ತು. ಪರೀಕ್ಷಕರು ಬರಲು ಎಂಟೇ ದಿನ ಉಳಿದಿತ್ತು.

ನಾನು ಸಮಾಧಾನ ಮಾಡಿದೆ. "ಹಳಿ ಉದ್ದ ಮಾಡೂಣ ಬಾಯಾರ. ವರ್ಧಾ ಜಂಕ್ಷನ್ ತನಕ ಹಾಕಸ್ತೀನಿ, ರೈಲ್ವೇದಾಗ ನನ್ನ ಮಂದಿ ಅದಾರ."

ಬಾಯಾರು ಕಣ್ಣು ಒರೆಸಿಕೊಂಡರು. "ಇದು ವರ್ಧಾದಾಗ ನಿಲ್ಲೂ ಗಾಡಿ ಅಲ್ಲ ಕಾಕಾ."

೫. ಒಂದು ನಿಮಿಷ

ಪರೀಕ್ಷಕರು ಬಂದರು. ನಾಗಪುರದ ಬೇಸಿಗೆ. ಕೂಲರಿನ ಗಾಳಿ ಕೋಲಿಗೆ ತಾಗಬಾರದು ಅಂತ ಕೂಲರ್ ಬಂದ್ ಮಾಡಿದ್ದೆವು. ಪ್ರಿನ್ಸಿಪಾಲರು ಕಾಲು ಅಲುಗಿಸುತ್ತಿದ್ದರು, ಹುಡುಗರು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದರು, ಬಾಯಾರು ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದರು. ಇಡೀ ಲ್ಯಾಬಿನಲ್ಲಿ ಅಲುಗಾಡದೆ ಇದ್ದದ್ದು ಇನ್ನೂ ನಿಲ್ಲಿಸದೆ ಒರಗಿಸಿಟ್ಟ ಕೋಲು ಒಂದೇ.

ಪರೀಕ್ಷಕರು ಗಡಿಯಾರ ನೋಡಿ ಹೂಂ ಅಂದರು. ನಾನು ಕೋಲು ನಿಲ್ಲಿಸಿ ಬಿಟ್ಟೆ. ಗಾಡಿ ಟರ್ ಟರ್ ಅಂತ ನಡುಗುತ್ತ ನಿಂತಲ್ಲೇ ನಿಂತಿತು. ಹತ್ತು, ಇಪ್ಪತ್ತು, ಮೂವತ್ತು. ನಲವತ್ತಕ್ಕೆ ಕರೆಂಟ್ ಹೋಯಿತು.

ಮೋಟಾರು ಸತ್ತಿತು. ಕೋಲು ವಾಲತೊಡಗಿತು. ಬಾಯಾರು ಕಣ್ಣು ಮುಚ್ಚಿಕೊಂಡದ್ದು ನನಗೆ ಕಂಡಿತು. ಆಮೇಲೆ ನಾನು ಯೋಚನೆ ಮಾಡಲಿಲ್ಲ. ಹುಡುಗನಾಗಿದ್ದಾಗ ಹದಿನಾರು ಮೊಳದ ಬಿದಿರನ್ನು ಹಣೆಯ ಮೇಲೆ ನಿಲ್ಲಿಸಿಕೊಂಡು ಗೋಕಾಕದಿಂದ ಘಟಪ್ರಭಾ ಸ್ಟೇಷನ್ ತನಕ ನಡೆದವನು ನಾನು. ಪಿನ್ ಕಿತ್ತೆ, ಕೋಲು ಅಂಗೈ ಮೇಲೆ ಏರಿಸಿಕೊಂಡೆ.

"ಸಾಹೇಬ್, ಘಡಿ ಮತ್ ರೋಕೋ," ಅಂದೆ. ಗಡಿಯಾರ ನಿಲ್ಲಿಸಬೇಡಿ.

ಕೋಲಿನ ತುದಿಯ ಮೇಲೇ ಕಣ್ಣಿಡಬೇಕು, ಅದೇ ಗುಟ್ಟು. ತುದಿ ಬಾಗಿಲ ಕಡೆ ವಾಲಿತು, ಕೈ ಬಾಗಿಲ ಕಡೆ ಹೋಯಿತು, ಕೈಯ ಹಿಂದೆ ನಾನು ಹೋದೆ. ವರಾಂಡ ಮುಗಿಯಿತು, ಮೆಟ್ಟಿಲು ಇಳಿದೆ, ಪ್ರಿನ್ಸಿಪಾಲರ ಗಿಡ ದಾಟಿದೆ, ಗೇಟಿನ ಚೌಕೀದಾರ ಸೆಲ್ಯೂಟ್ ಹೊಡೆದ. ಒಂದು ನಿಮಿಷ ಯಾವಾಗ ಮುಗಿಯಿತೋ ಹೇಳುವವರಿಲ್ಲ. ಬಜಾಜ್ ನಗರದ ಚೌಕದಲ್ಲಿ ಟ್ರಾಫಿಕ್ ಪೊಲೀಸ್ ನಾಲ್ಕೂ ಕಡೆ ಗಾಡಿ ನಿಲ್ಲಿಸಿ ನನಗೆ ದಾರಿ ಬಿಟ್ಟ. ಒಬ್ಬ ಮುದುಕಿ ಕಾಲಿಗೆ ಬಿದ್ದಳು. ಕೋಲು ಮಾತ್ರ ಬೀಳಲಿಲ್ಲ.

ಅತ್ತ ಲ್ಯಾಬಿನಲ್ಲಿ ಏನಾಯಿತು ಅನ್ನೋದನ್ನು ಆಮೇಲೆ ಬಾಯಾರು ಹೇಳಿದರು. ಪರೀಕ್ಷಕರು ಕಿಟಕಿಯಿಂದ ನಾನು ಮರೆಯಾಗುವ ತನಕ ನೋಡಿ, ಹುಡುಗರ ಕಡೆ ತಿರುಗಿ, ಈಗ ಹೋದ ಸಿಸ್ಟಮ್ಮಿನಲ್ಲಿ ಏನು ಕೊರತೆ ಅಂತ ಕೇಳಿದರಂತೆ. ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳಿತಂತೆ, ಕೋನ ಸರಿ ಇದೆ, ಜಾಗದ ಖಬರಿಲ್ಲ. ಹಾಗಾದರೆ ನಿಮ್ಮ ಗಾಡಿ ಯಾಕೆ ಓಡಿಹೋಗಲಿಲ್ಲ ಅಂತ ಬಾಯಾರನ್ನು ಕೇಳಿದರಂತೆ. ಗಾಡಿಗೆ ನಾಲ್ಕು ಗುಂಡಿ ಇವೆ ಸರ್, ಕಾಕಾಗೆ ಎರಡೇ ಅಂದರಂತೆ ಬಾಯಾರು.

ಅಷ್ಟರಲ್ಲಿ ಕರೆಂಟ್ ಬಂತು. ಮೋಟಾರು ತಯಾರು, ಗಾಡಿ ತಯಾರು, ಕೋಲು ಎಲ್ಲಿ? ಒಬ್ಬ ಹುಡುಗ ಲೂನಾ ಹತ್ತಿ ಹುಡುಕಿಕೊಂಡು ಬಂದ. ನಾನು ಆಗ ಲಕ್ಷ್ಮೀ ನಗರ ಮುಟ್ಟಿದ್ದೆ, ಖೋಲಿಯ ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು: "ಕಾಲೇಜಿನ ಸಾಮಾನ ಹೊತ್ಕೊಂಡ ಬಂದ್ರೇನ? ಕೊಟ್ಟ ಬರ್ರಿ." ಹೊರಗೆ ಬಂದೂ ನೋಡಲಿಲ್ಲ ಆಕೆ.

"ಮಾಮಾ, ಕೋಲು ಇಳಿಸಿ ಕೊಡಿ," ಅಂದ ಹುಡುಗ. ನಲವತ್ತು ಸೆಕೆಂಡಿಗೆ ಎತ್ತಿದ ಕೋಲನ್ನು ದಾರಿಯಲ್ಲಿ ಇಳಿಸುವ ಮನುಷ್ಯನೇ ನಾನು? ಲೂನಾ ಹಿಂದೆ ಹತ್ತಿದೆ. ಅಂಗೈ ಮೇಲೆ ಕೋಲು, ವಾಪಸ್ ಲ್ಯಾಬ್. ಅಂಗೈಯಿಂದ ನೇರ ಪಿನ್ನಿಗೆ ಸಿಕ್ಕಿಸಿದೆ. ಬಾಯಾರು ಸ್ವಿಚ್ ಹಾಕಿದರು. ಒಂದು ನಿಮಿಷ ನಿಂತಿತು, ಎರಡು ನಿಮಿಷ ನಿಂತಿತು. ಪರೀಕ್ಷಕರು ಪೆನ್ನಿನಿಂದ ತಟ್ಟಿದರು. ಬಾಗಿತು, ಗಾಡಿ ಒಂದು ಗೇಣು ಓಡಿತು, ಕೋಲು ಎದ್ದು ನಿಂತಿತು, ಗಾಡಿ ತನ್ನ ಜಾಗಕ್ಕೆ ತಾನೇ ವಾಪಸ್ ಬಂತು. ಬಾಯಾರು ಸೆರಗಿನ ಹಗ್ಗ ಬಿಚ್ಚಿದರು.

ಎಂಟು ದಿನಕ್ಕೆ ರಿಪೋರ್ಟ್ ಬಂತು. ಬಾಯಾರು ಖಾಯಂ. ಇಂಗ್ಲಿಷಿನಲ್ಲಿತ್ತು, ಹೆಡ್ ಕ್ಲಾರ್ಕರು ಓದಿ ಹೇಳುತ್ತಿದ್ದರು. ಅವರು ಮಡಚಿ ಇಡುವ ಹೊತ್ತಿಗೆ ನಾನು ಮೇಜಿಗೆ ಅಡ್ಡ ನಿಂತೆ. ಅಷ್ಟು ದೊಡ್ಡ ಕೆಲಸ ಮಾಡಿದ್ದೇನೆ, ನನ್ನ ಹೆಸರು ಇಲ್ಲದೆ ಹೇಗಿರುತ್ತದೆ, ಸರಿಯಾಗಿ ನೋಡಿ ಅಂದೆ. ಹೆಡ್ ಕ್ಲಾರ್ಕರು ಕನ್ನಡಕ ಏರಿಸಿ ರಿಪೋರ್ಟನ್ನು ಮತ್ತೆ ಬಿಚ್ಚಿದರು. ಕೊನೆಗೆ ಒಂದು ಸಾಲು ಸಿಕ್ಕಿತು.

"ಕೋಲು ನಿಂತಿತು. ಪ್ಯೂನ್ ನಿಲ್ಲಲಿಲ್ಲ."